ತುಂಟ ಕಿನ್ನರರನ್ನು ಊರಿನವರು ಹೇಗೆ ನಡೆಸಿಕೊಳ್ಳಬೇಕು?

ಪ್ರಶ್ನೆ: ಮಕ್ಕಳಿಗಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಬ್ರಿಟನ್ ಮತ್ತು ಐರ್ಲೆಂಡಿನ ಜನಪದ ಕಥೆಗಳಲ್ಲಿ ಬರುವಂಥ ಪಿಕ್ಸಿ, ಬ್ರೌನಿ ಎಂಬ ಪುಟ್ಟ ಕಿನ್ನರಗಳು ಅದರಲ್ಲಿವೆ. ಕಾಟ ತಾಳಲಾರದೆ ಊರಿನವರು ಅವುಗಳನ್ನು ಹಿಡಿದು ಪಂಜರಕ್ಕೆ ಹಾಕುತ್ತಾರೆ ಎಂದು ಬರೆದೆ. ಏಕೋ ಕಥೆ ಸಪ್ಪೆಯಾಯಿತು. ಮೂಲ ಕಥೆಗಳಲ್ಲಿ ಜನ ಅವುಗಳೊಂದಿಗೆ ಹೇಗೆ ಬಾಳುತ್ತಿದ್ದರು?

ಉತ್ತರ: ಸಪ್ಪೆ ಮಾಡಿದ್ದು ಪಂಜರವೇ. ಹಿಡಿದು ಕೂಡಿಹಾಕಬಹುದಾದ ಕಿನ್ನರರ ಬಗ್ಗೆ ಯಾರಿಗೂ ಅಂಜಿಕೆ ಉಳಿಯುವುದಿಲ್ಲ. ಮೂಲ ಕಥೆಗಳ ಜನ ಅವರನ್ನು ಎದುರು ಹಾಕಿಕೊಳ್ಳಬಾರದ ನೆರೆಯವರೆಂದು ಕಂಡರು. ಸ್ಕಾಟ್ಲೆಂಡಿನಲ್ಲಿ ಅವರನ್ನು ‘ಒಳ್ಳೆಯ ನೆರೆಯವರು’ ಎಂದೇ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು ‘ಹುಳ’ ಎನ್ನುವಂಥದೇ ಎಚ್ಚರಿಕೆ ಅದು.

ಬ್ರೌನಿಯನ್ನೇ ನೋಡಿ. ಎಲ್ಲರೂ ಮಲಗಿದ ಮೇಲೆ ಬಂದು ಕಾಳು ಬಡಿದು, ಮನೆ ಗುಡಿಸಿಟ್ಟು ಹೋಗುತ್ತಾನೆ. ಮನೆಯಾಕೆ ಒಲೆಯ ಬಳಿ ಒಂದು ಬಟ್ಟಲು ಕೆನೆ ಇಟ್ಟು ಸುಮ್ಮನಿರಬೇಕು. ಅದನ್ನು ಕೂಲಿ ಎನ್ನುವಂತಿಲ್ಲ. ಹರಕು ಬಟ್ಟೆ ಕಂಡು ಮರುಗಿ ಹೊಸ ಅಂಗಿ ಹೊಲಿದಿಟ್ಟರೆ ತೊಟ್ಟುಕೊಂಡು ಹೊರಟೇ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅವನ ಕೆಲಸಕ್ಕೆ ಕೊಂಕು ತೆಗೆದರಂತೂ ಅದೇ ಬ್ರೌನಿ ಬಾಗರ್ಟ್ ಎಂಬ ಕಾಟ ಕೊಡುವ ಕಿನ್ನರನಾಗಿ ಪಾತ್ರೆ ಪಗಡೆ ಬೀಳಿಸುತ್ತಾನೆ. ಈ ಕಥೆಗಳಲ್ಲಿ ತುಂಟತನ ಬಹಳ ಸಲ ಒಂದು ಉತ್ತರ. ನೀವು ಹೇಗೆ ನಡೆಸಿಕೊಂಡಿರೋ ಅದಕ್ಕೆ ತಕ್ಕಂತೆ ಬರುತ್ತದೆ.

ಎಲ್ಲವೂ ಹಾಗಲ್ಲ, ನಿಜ. ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಪಕ್ ಎಂಬ ತುಂಟ ಕಿನ್ನರ ಮೂರು ಕಾಲಿನ ಮಣೆಯಾಗಿ ನಿಂತು, ಮುದುಕಿ ಕೂರುವಷ್ಟರಲ್ಲಿ ಸರಕ್ಕನೆ ಜಾರಿಕೊಳ್ಳುತ್ತಾನೆ. ಅವಳು ಧೊಪ್ಪೆಂದು ಬಿದ್ದು ಕೆಮ್ಮುತ್ತಾಳೆ, ಸುತ್ತಲಿದ್ದವರು ಹೊಟ್ಟೆ ಹಿಡಿದು ನಗುತ್ತಾರೆ. ಇದಕ್ಕೆ ಕಾರಣವೇ ಇಲ್ಲ, ಬರೀ ಮೋಜು. ಆದರೆ ಅದೇ ದೃಶ್ಯದಲ್ಲಿ, ತನ್ನನ್ನು ಅಕ್ಕರೆಯಿಂದ ಕರೆಯುವವರ ಕೆಲಸವನ್ನೂ ಅವನು ಮಾಡಿಕೊಡುತ್ತಾನೆ ಎಂಬ ಮಾತೂ ಬರುತ್ತದೆ. ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್‌ಗಳಲ್ಲಿ ಪಿಕ್ಸಿಗಳು ದಾರಿ ತಪ್ಪಿಸಿದರೆ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟರೆ ಸಾಕು, ದಾರಿ ಸಿಗುತ್ತದೆ ಎಂದು ನಂಬಿದ್ದರು.

ಈ ನಂಬಿಕೆಯ ಇನ್ನೊಂದು ಮುಖವನ್ನು ನೀವು ತಿಳಿದಿರಲೇಬೇಕು. ಕಿನ್ನರರು ಮನುಷ್ಯರನ್ನು ಕದ್ದೊಯ್ದು ಅದೇ ರೂಪದ ಬದಲಿಯನ್ನು ಬಿಟ್ಟುಹೋಗುತ್ತಾರೆ ಎಂದು ಜನ ನಂಬಿದ್ದರು. 1895ರಲ್ಲಿ ಐರ್ಲೆಂಡಿನ ಟಿಪ್ಪರರಿ ಪ್ರಾಂತ್ಯದಲ್ಲಿ ಮೈಕೆಲ್ ಕ್ಲೀರಿ ಎಂಬಾತ, ಕಾಯಿಲೆ ಬಿದ್ದಿದ್ದ ಹೆಂಡತಿ ಬ್ರಿಜೆಟ್ ಅಂಥ ಬದಲಿ ಎಂದು ಹೇಳಿ ಅವಳನ್ನು ಸುಟ್ಟ. ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸಿತು. ಕಿನ್ನರರ ಮೇಲಿನ ಭಯಕ್ಕೆ ಬಲಿಯಾದವಳು ಮನೆಯೊಳಗಿನ ಹೆಣ್ಣು. ಮಕ್ಕಳ ಪುಸ್ತಕಕ್ಕೆ ಈ ಕ್ರೌರ್ಯ ಬೇಡ. ಆದರೆ ಪಂಜರ ಹಿಡಿದು ಹೊರಟ ಊರು ಯಾವ ಬಡವಿಯ, ಯಾವ ಮಾತು ಬಾರದ ಹುಡುಗನ ಮೇಲೆ ಮೊದಲು ಕಣ್ಣಿಡುತ್ತದೆ ಎಂಬುದನ್ನು ದಯವಿಟ್ಟು ಬರೆಯಿರಿ.

ಅದೇ ಐರ್ಲೆಂಡಿನ ಕ್ಲೇರ್ ಪ್ರಾಂತ್ಯದ ಲಟೂನ್‌ನಲ್ಲಿ, 1999ರಲ್ಲಿ, ಹೊಸ ರಸ್ತೆಗೆ ಅಡ್ಡವಾಗಿದ್ದ ಒಂದು ಮುಳ್ಳಿನ ಗಿಡ ಕಿನ್ನರರದೆಂದು ಕಥೆಗಾರ ಎಡ್ಡಿ ಲೆನಿಹನ್ ಪಟ್ಟು ಹಿಡಿದರು. ಗಿಡ ಉಳಿಯಿತು. ನಿಮ್ಮ ಊರಿನಲ್ಲೂ ಅಂಥದೊಂದು ಗಿಡ ನೆಡಿ. ಕಡಿಯಬೇಕೆನ್ನುವವರು, ಕೂಡದೆನ್ನುವವರು ಇಬ್ಬರೂ ಒಂದೇ ಮನೆಯವರಾಗಿರಲಿ.