ಗುವಾಮ್ 06 ಲೆಫ್ಟ್: ಡಿಎಂಇ ಸೊನ್ನೆ ಅಂದ್ರೆ ರನ್‌ವೇ ಅಲ್ಲ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಗುವಾಮ್‌ನಲ್ಲಿ ಬಿದ್ದ ಕೊರಿಯನ್ ಏರ್ 801 ವಿಮಾನದ ಅಪ್ರೋಚ್ (06 ಲೆಫ್ಟ್ ರನ್‌ವೇಗೆ ಇಳಿಯೋ ಹಾದಿ) ಹಾರಿಸಿದಾಗಲೆಲ್ಲ ನಿಮಿಟ್ಜ್ ಗುಡ್ಡಕ್ಕೇ ಬಡೀತಿದೆ, ಯಾಕೆ ಅಂತ ಕೇಳಿದ್ದೀರಿ. ಉತ್ತರ ನೀವೇ ಹಾಕಿರೋ ಸ್ಕ್ರೀನ್‌ಶಾಟ್‌ನಲ್ಲಿದೆ: ಡಿಎಂಇ (ವಿಒಆರ್ ಅನ್ನೋ ರೇಡಿಯೋ ದಾರಿದೀಪಕ್ಕೆ ಎಷ್ಟು ಮೈಲಿ ಅಂತ ತೋರಿಸೋ ಅಂಕಿ) 2.4, ಎತ್ತರ 1,100 ಅಡಿ. ರನ್‌ವೇಗೆ 2.4 ಮೈಲಿ ಉಳಿದಿದ್ದರೆ ಇದು ಸರಿಯಾದ ಎತ್ತರವೇ. ಆದರೆ ಆ ವಿಒಆರ್ ಇರೋದು ಗುಡ್ಡದ ಮೇಲೆ. ರನ್‌ವೇ ಅದನ್ನು ದಾಟಿ ಇನ್ನೂ 3.3 ಮೈಲಿ. ಅಂದರೆ ನಿಮಗೆ 5.7 ಮೈಲಿ ಬಾಕಿ, ಇರಬೇಕಾದದ್ದು 2,000 ಅಡಿಯಲ್ಲಿ.

1997ರ ಆಗಸ್ಟ್ 6ರ ನಸುಕಿನ 1:42ಕ್ಕೆ ಆ 747 ಬಿದ್ದಾಗ ಗ್ಲೈಡ್‌ಸ್ಲೋಪ್ (ಎಷ್ಟು ಎತ್ತರದಲ್ಲಿರಬೇಕು ಅಂತ ತೋರಿಸೋ ಸಿಗ್ನಲ್) ದುರಸ್ತಿಗೆಂದು ಬಂದ್ ಆಗಿತ್ತು, ರನ್‌ವೇಯ ನೇರಕ್ಕೆ ಎಡ-ಬಲ ತೋರಿಸೋ ಲೋಕಲೈಸರ್ ಮಾತ್ರ ಇತ್ತು. 254 ಜನರಲ್ಲಿ 228 ಮಂದಿ ಸತ್ತರು.

ಆಗಿನ ಚಾರ್ಟ್‌ನ ಮೆಟ್ಟಿಲುಗಳನ್ನು (ಎಲ್ಲಿವರೆಗೆ ಎಷ್ಟು ಅಡಿಗಿಂತ ಕೆಳಗಿಳಿಯಬಾರದು ಅನ್ನೋದನ್ನು) ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಡಿಎಂಇ 1.6ರವರೆಗೆ 2,000, ವಿಒಆರ್ ದಾಟುವವರೆಗೆ 1,440, ಆಮೇಲಷ್ಟೇ 560. ಡಿಎಂಇ ಇಳಿದು ಇಳಿದು ಮತ್ತೆ ಏರೋಕೆ ಶುರುವಾದ ಮೇಲೇನೇ 560ರ ಮಾತು. ಆಲ್ಟಿಟ್ಯೂಡ್ ವಿಂಡೋದಲ್ಲಿ (ಆಟೊಪೈಲಟ್‌ಗೆ ಎತ್ತರ ಹಾಕೋ ಕಿಂಡಿ) ಒಂದು ಸಲಕ್ಕೆ ಒಂದೇ ಮೆಟ್ಟಿಲು. ಮೊದಲೇ 560 ಹಾಕಿಬಿಟ್ಟರೆ ನಡುವೆ ತಡೆಯೋರು ಯಾರೂ ಇಲ್ಲ. 801ರಲ್ಲಿ ಆದದ್ದೂ ಅದೇ.

ಇಳಿಯುವ ದರಕ್ಕೆ ಗ್ರೌಂಡ್‌ಸ್ಪೀಡನ್ನು (ನೆಲಕ್ಕೆ ಹೋಲಿಸಿದ ವೇಗ) 5ರಿಂದ ಗುಣಿಸಿ: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. 3 ಡಿಗ್ರಿ ಇಳಿಜಾರಿಗೆ ಮೈಲಿಗೆ ಸುಮಾರು 318 ಅಡಿ. ವಿಒಆರ್‌ನಿಂದ ಲೆಕ್ಕ ಹಾಕಿದರೆ 3.3 ಮೈಲಿಗೆ 1,050. ರನ್‌ವೇ ತುದಿಯ ಎತ್ತರ ಸುಮಾರು 250, ಮೇಲೆ 50 ಸೇರಿಸಿ: 1,350. ಹಾಗಾಗಿ 1,440ರಲ್ಲಿ ವಿಒಆರ್ ದಾಟಿದರೆ 'ಅಯ್ಯೋ, ಎತ್ತರ ಜಾಸ್ತಿಯಾಯ್ತು' ಅಂತ ಮೂಗು ತಗ್ಗಿಸೋ ಅಗತ್ಯವೇ ಇಲ್ಲ.

ಗ್ಲೈಡ್‌ಸ್ಲೋಪ್ ಮುಳ್ಳು ಅಲ್ಲಾಡಿದರೂ ನಂಬಬೇಡಿ. ಅಂದು ಕ್ಯಾಪ್ಟನ್ ಅದು ಕೆಲಸ ಮಾಡ್ತಿದೆಯೇನೋ ಅಂತ ಮತ್ತೆ ಮತ್ತೆ ಕೇಳಿದ್ದು ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲಿದೆ.

ವಿಒಆರ್‌ಗೆ ಮೊದಲೇ 'ಫೈವ್ ಹಂಡ್ರೆಡ್' (ನೆಲದಿಂದ 500 ಅಡಿ ಅನ್ನೋ ವಿಮಾನದ ಯಂತ್ರದ ಕೂಗು) ಕೇಳಿದರೆ ಅಲ್ಲೇ ಪವರ್ ಕೊಟ್ಟು ಗೋ-ಅರೌಂಡ್ ಮಾಡಿ, ಅಂದರೆ ಇಳಿಯೋದು ಬಿಟ್ಟು ಮೇಲೇರಿ. 1,440ರಲ್ಲಿದ್ದರೆ ಗುಡ್ಡದ ಮೇಲೂ ಆ ಕೂಗು ಬರಲ್ಲ. 801ರಲ್ಲಿ ಆ ಕೂಗಿನಿಂದ ಡಿಕ್ಕಿಗೆ 26 ಸೆಕೆಂಡ್ ಇತ್ತು. ಫಸ್ಟ್ ಆಫೀಸರ್ (ಸಹ ಪೈಲಟ್) ಮಿಸ್ಡ್ ಅಪ್ರೋಚ್, ಅಂದರೆ ಇಳಿಯೋದು ಬಿಡೋಣ, ಅಂದದ್ದು ಕೊನೆಯ ಆರೇಳು ಸೆಕೆಂಡಿನಲ್ಲಿ. ಆ ಹೊತ್ತಿಗೆ ಉಳಿದಿದ್ದ ಸಮಯ ತೀರಾ ಕಡಿಮೆ.

ಮೊದಲು ಹಗಲಲ್ಲಿ, ಮೋಡ ತೆಗೆದು, ಒಮ್ಮೆ ಹಾರಿಸಿ. ವಿಒಆರ್ ಕಾಲಡಿ ಹೋದಾಗ ರನ್‌ವೇ ಎಷ್ಟು ದೂರ ಕಾಣುತ್ತೆ ನೋಡಿ, ಆಮೇಲೆ ಮಳೆ, ಕತ್ತಲೆ ಹಾಕಿ.