ಮರುಕಳಿಸಿದ ಪ್ರಾಸ್ಟೇಟ್ ಕ್ಯಾನ್ಸರ್: ಅಡುಗೆ ಭಟ್ಟರೊಬ್ಬರ ಪ್ರಕರಣ

ಉಡುಪಿಯ ಆಸುಪಾಸಿನ 71 ವರ್ಷದ ಅಡುಗೆ ಭಟ್ಟರೊಬ್ಬರು ಪತ್ನಿ ಮತ್ತು ಮಗನೊಂದಿಗೆ ಆಪ್ತಸಲಹೆಗಾಗಿ ನನ್ನಲ್ಲಿಗೆ ಬಂದಾಗ, ತಂದೆ ಮಗನ ನಡುವೆ ಮಾತು ನಿಂತು ಹತ್ತು ದಿನಗಳಾಗಿದ್ದವು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಆರು ವರ್ಷಗಳ ಹಿಂದೆ ಅವರು ಪ್ರಾಸ್ಟೇಟ್ (ಪುರುಷರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದಿದ್ದರು. ಆಗ 0.5ರ ಮಟ್ಟಕ್ಕೆ ಇಳಿದಿದ್ದ ಪಿಎಸ್‌ಎ (ಈ ಗ್ರಂಥಿ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನು) ಈಗ 3.1 ಆಗಿತ್ತು. ಈ ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನಿನಲ್ಲಿ ಎಲುಬುಗಳಲ್ಲಾಗಲಿ ದುಗ್ಧಗ್ರಂಥಿಗಳಲ್ಲಾಗಲಿ ಏನೂ ಕಾಣಿಸಿರಲಿಲ್ಲ. ಪ್ರಾಸ್ಟೇಟಿನೊಳಗೇ ಒಂದು ಕಡೆ ರೋಗ ಉಳಿದಿರುವುದನ್ನು ಬಯಾಪ್ಸಿ ಖಚಿತಪಡಿಸಿತ್ತು.

ಮಗನ ಸಿಟ್ಟಿಗೆ ಒಂದು ಲೆಕ್ಕ ಕಾರಣವಾಗಿತ್ತು. ಪರಿಚಯದವರೊಬ್ಬರಿಗೆ ಪಿಎಸ್‌ಎ 0.2 ಆದಾಗಲೇ ವೈದ್ಯರು ಎಚ್ಚೆತ್ತು ಚಿಕಿತ್ಸೆ ಆರಂಭಿಸಿದ್ದರು. ಅಪ್ಪಯ್ಯನಿಗೆ 2 ದಾಟುವವರೆಗೂ ಯಾರೂ ಏನೂ ಮಾಡಲಿಲ್ಲ ಎಂಬುದು ಅವರ ದೂರು. ಆ ಪರಿಚಯದವರಿಗೆ ಮೊದಲು ಶಸ್ತ್ರಕ್ರಿಯೆಯಾಗಿತ್ತು. ಗ್ರಂಥಿಯನ್ನೇ ತೆಗೆದವರಲ್ಲಿ ಪಿಎಸ್‌ಎ ಇರಲೇಬಾರದು, ಆದ್ದರಿಂದ 0.2 ಕೂಡ ಮರುಕಳಿಕೆಯ ಸೂಚನೆಯಾಗುತ್ತದೆ, ಅವರಿಗೆ ಆಮೇಲೆ ವಿಕಿರಣ ಕೊಡುತ್ತಾರೆ. ವಿಕಿರಣ ಪಡೆದವರಲ್ಲಿ ಗ್ರಂಥಿ ಒಳಗೇ ಇರುತ್ತದೆ; ಪಿಎಸ್‌ಎ ನಡುವೆ ತುಸು ಏರಿ ತಾನಾಗಿ ಇಳಿಯುವುದೂ ಉಂಟು. ಹಾಗಾಗಿ ಅತಿ ಕಡಿಮೆ ಮಟ್ಟಕ್ಕಿಂತ 2 ಹೆಚ್ಚಾದಾಗ ಮರುಕಳಿಕೆ ಎನ್ನುವುದು ವಾಡಿಕೆ. ಇಷ್ಟನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಆ ದೂರು ಮತ್ತೆ ಬರಲಿಲ್ಲ.

ಇನ್ನೊಂದು ತೊಡಕು, ಗ್ರಂಥಿಯನ್ನು ತೆಗೆದುಹಾಕಲು ವೈದ್ಯರು ಹೇಳಿದ್ದ ‘ಸಾಲ್ವೇಜ್ ಸರ್ಜರಿ’ ಎಂಬ ಹೆಸರಿನಿಂದಲೇ ಹುಟ್ಟಿತ್ತು. ಮಗ ಪಣಂಬೂರಿನ ಬಂದರಿನ ಕೆಲಸದವರು. ಮುಳುಗುವ ಹಡಗನ್ನು ಉಳಿಸಿಕೊಳ್ಳುವುದಕ್ಕೆ ಅವರಲ್ಲಿ ಇದೇ ಪದ. ಆ ಹೆಸರಿನ ಶಸ್ತ್ರಕ್ರಿಯೆ ಮಾಡಿಸಿದರೆ ಉಳಿವು, ಬಿಟ್ಟರೆ ಮುಳುಗು ಎಂದೇ ಅವರು ತಿಳಿದಿದ್ದರು. ಮೊದಲ ಚಿಕಿತ್ಸೆ ಫಲಿಸದಿದ್ದಾಗ ಮಾಡುವ ಎರಡನೆಯ ಪ್ರಯತ್ನಕ್ಕೆ ಆ ಹೆಸರಿದೆಯೇ ಹೊರತು ಅದರಲ್ಲಿ ಭರವಸೆಯೇನೂ ಅಡಗಿಲ್ಲ. ರೋಗ ಗ್ರಂಥಿಯೊಳಗೇ ಇದ್ದರೆ ಅದನ್ನು ಪೂರ್ತಿ ನೀಗಿಸುವ ಅವಕಾಶ ಶಸ್ತ್ರಕ್ರಿಯೆಯಲ್ಲಿದೆ ಎಂಬುದು ನಿಜ. ಆದರೆ ವಿಕಿರಣ ತಾಗಿದ ಭಾಗ ಗಟ್ಟಿಯಾಗಿ ಸುತ್ತಲಿನದಕ್ಕೆ ಅಂಟಿಕೊಂಡಿರುತ್ತದೆ, ಗಾಯ ಮಾಯುವುದೂ ನಿಧಾನ. ಮೊದಲ ಬಾರಿಯ ಶಸ್ತ್ರಕ್ರಿಯೆಗಿಂತ ಇದರಲ್ಲಿ ಮೂತ್ರ ಸೋರಿಕೆಯೂ ಮೂತ್ರಮಾರ್ಗ ಕಿರಿದಾಗುವುದೂ ಹೆಚ್ಚು. ಅಪರೂಪಕ್ಕೆ ಪಕ್ಕದ ಗುದನಾಳಕ್ಕೆ ಪೆಟ್ಟಾಗಿ, ಕೆಲಕಾಲ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಇಡಬೇಕಾಗುವುದೂ ಇದೆ.

ವೈದ್ಯರು ಬೇರೆ ದಾರಿಗಳನ್ನೂ ಹೇಳಿದ್ದರು. ಹೆಪ್ಪುಗಟ್ಟಿಸಿ ಕೊಲ್ಲುವ ಕ್ರಯೋಥೆರಪಿ, ಶಬ್ದತರಂಗಗಳ ಬಿಸಿಯಿಂದ ಸುಡುವ ಹೈಫು, ಒಳಗಿನಿಂದಲೇ ಕೊಡುವ ಎರಡನೆಯ ವಿಕಿರಣ ಇವೆಲ್ಲ ಅನುಭವಿಗಳ ಕೈಯಲ್ಲಿ ಮಾತ್ರ ಮಾಡಿಸಿಕೊಳ್ಳತಕ್ಕವು. ಹಾರ್ಮೋನು ತಡೆಯುವ ಚುಚ್ಚುಮದ್ದು ರೋಗವನ್ನು ಅಂಕೆಯಲ್ಲಿಡುತ್ತದೆ, ಗುಣಪಡಿಸುವುದಿಲ್ಲ. ಒಮ್ಮೆಗೇ ವೃಷಣ ತೆಗೆಸುವುದು ಅದೇ ಫಲದ, ಕಡಿಮೆ ಖರ್ಚಿನ ದಾರಿ. ಎರಡರಲ್ಲೂ ಮೈ ಬಿಸಿಯೇರುವುದು, ಎಲುಬು ಸವೆಯುವುದು, ಸಕ್ಕರೆ ಏರುವುದು ಇದ್ದದ್ದೇ, ಭಟ್ಟರಿಗೋ ಮೊದಲೇ ಮಧುಮೇಹ. ಅವರ ಪಿಎಸ್‌ಎ ದ್ವಿಗುಣಗೊಳ್ಳಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿದಿದ್ದರಿಂದ, ಕಾದು ನೋಡುವುದನ್ನೂ ಒಂದು ದಾರಿಯೆಂದೇ ವೈದ್ಯರು ಹೇಳಿದ್ದರು. ಮನೆಯಲ್ಲಿ ಆ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ.

ಭಟ್ಟರು ಎಲ್ಲದಕ್ಕೂ “ಆಯ್ತು” ಎನ್ನುತ್ತಿದ್ದರು. ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದಾಗ ಬಹಳ ಹೊತ್ತಿನ ಮೇಲೆ, “ಮಡಿ ಉಟ್ಟು ಒಲೆಯ ಮುಂದೆ ನಿಂತವನ ಬಟ್ಟೆ ಒದ್ದೆಯಾದರೆ ಆ ಅಡುಗೆಯನ್ನು ಬಡಿಸುವುದು ಹೇಗಮ್ಮ?” ಎಂದರು. ಮೂತ್ರ ಸೋರಿಕೆಯ ಪ್ರಮಾಣವನ್ನು ವೈದ್ಯರು ವಿವರವಾಗಿಯೇ ಹೇಳಿದ್ದರು; ದಿನಕ್ಕೆ ಒಂದು ಪ್ಯಾಡ್ ಎಂದರೆ ಅವರ ದೃಷ್ಟಿಯಲ್ಲಿ ಸಣ್ಣ ಸೋರಿಕೆ. ಇವರ ಲೆಕ್ಕದಲ್ಲಿ ಒಂದು ಹನಿಯೂ ಸಣ್ಣದಲ್ಲ. ಇದು ಮೂಢತನವೆಂದು ನನಗನ್ನಿಸಲಿಲ್ಲ, ನಲವತ್ತು ವರ್ಷ ಅನ್ನ ಬೇಯಿಸಿದ ಮನುಷ್ಯನ ಮರ್ಯಾದೆಯ ಪ್ರಶ್ನೆ ಅದು.

ಯಾವ ಚಿಕಿತ್ಸೆ ಎಂಬುದನ್ನು ನಾನು ಹೇಳಲಿಲ್ಲ, ಹೇಳುವುದು ನನ್ನ ಕೆಲಸವೂ ಅಲ್ಲ. ರೋಗ ನಿಧಾನವಾಗಿರುವುದರಿಂದ ಮೂರು ವಾರ ತೆಗೆದುಕೊಂಡರೆ ಆಗಬಹುದೇ ಎಂದು ವೈದ್ಯರನ್ನೇ ಕೇಳಿ, ಬಯಾಪ್ಸಿಯ ಸ್ಲೈಡು ಮತ್ತು ಸ್ಕ್ಯಾನಿನ ಸಿಡಿ ಹಿಡಿದು ಎರಡನೆಯ ಅಭಿಪ್ರಾಯ ಪಡೆಯಲು ಸೂಚಿಸಿದೆ. ವಿಕಿರಣದ ನಂತರದ ಇಂಥ ಶಸ್ತ್ರಕ್ರಿಯೆಗಳನ್ನು ತಾವು ಎಷ್ಟು ಮಾಡಿದ್ದೀರಿ, ಒಂದು ವರ್ಷದ ಬಳಿಕ ಅವರಲ್ಲಿ ಪ್ಯಾಡ್ ಬೇಡವಾದವರು ಎಷ್ಟು ಮಂದಿ, ಈಗ ಕಾದರೆ ಮುಂದೆ ಈ ಬಾಗಿಲು ಮುಚ್ಚುತ್ತದೆಯೇ ಎಂಬ ಪ್ರಶ್ನೆಗಳನ್ನು ಬರೆದುಕೊಟ್ಟೆ. ಶಸ್ತ್ರಕ್ರಿಯೆಯೇ ಆದರೆ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಮೊದಲೇ ಕಲಿಯಬೇಕೆಂದೂ, ಸೋರಿಕೆ ನಿಲ್ಲದಿದ್ದರೆ ಕೃತಕ ಕವಾಟ ಅಳವಡಿಸುವ ಸಾಧ್ಯತೆ ಕೇಳಿಕೊಳ್ಳಬೇಕೆಂದೂ ತಿಳಿಸಿದೆ. ದಾಂಪತ್ಯದ ಮಾತನ್ನೂ ತೆಗೆದೆ. ಅವರು ನಕ್ಕು ತಲೆಯಾಡಿಸಿದರಷ್ಟೆ. ಮಡಿಯ ಮಾತನ್ನು ಮನೆಯವರ ಮುಂದೆ ತಾವೇ ಹೇಳಬೇಕೆಂಬ ಒಂದು ವಿಷಯದಲ್ಲಿ ಮಾತ್ರ ನಾನು ಬಿಡದೆ ಒತ್ತಾಯಿಸಿದೆ.

ಅವರು ಹೇಳಿದರು. ಎರಡನೆಯ ಅಭಿಪ್ರಾಯದಲ್ಲೂ ಕಾಯುವುದು ತಪ್ಪಲ್ಲವೆಂದು ತಿಳಿದುಬಂದ ಮೇಲೆ, ಮೂರು ತಿಂಗಳಿಗೊಮ್ಮೆ ಪಿಎಸ್‌ಎ ನೋಡುವುದೆಂದೂ ಏರಿಕೆಯ ವೇಗ ಹೆಚ್ಚಿದರೆ ಕೂಡಲೇ ಚಿಕಿತ್ಸೆಗೆ ಹೊರಡುವುದೆಂದೂ ವೈದ್ಯರ ಎದುರೇ ನಿಶ್ಚಯಿಸಿದರು. ಮಗನಿಗೆ ಇದು ಈಗಲೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ಮುಂದಿನ ರಕ್ತಪರೀಕ್ಷೆಯನ್ನು, ಸಮಾರಂಭಗಳಿಲ್ಲದ ಆಟಿ ತಿಂಗಳಿಗೆ ಗೊತ್ತುಮಾಡಿ ಬಂದವರು ಅವರೇ.