ಮಿರ್ಜಾ: ಹೆಸರಿಗೆ ಮೊದಲೋ, ಕೊನೆಗೋ?

ಪ್ರಶ್ನೆ: ನಮ್ಮ ತಾತ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದವರು. ದಿವಾನ್ ಮಿರ್ಜಾ ಇಸ್ಮಾಯಿಲರನ್ನು ‘ಮಿರ್ಜಾ ಸಾಹೇಬರು’ ಎಂದೇ ಹೇಳೋರು. ಮೊನ್ನೆ ಮಗಳ ಪುಸ್ತಕದಲ್ಲಿ ಬಾಬರನ ಮಗ ‘ಕಾಮ್ರಾನ್ ಮಿರ್ಜಾ’ ಎಂದಿತ್ತು. ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಕೊನೆಗೆ. ಇದು ಮನೆತನದ ಹೆಸರೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಅಲ್ಲ ತಾಯಿ, ಮೂಲದಲ್ಲಿ ಇದು ಬಿರುದು. ಅಮೀರ್ ಅಂದರೆ ದಂಡನಾಯಕ, ಒಡೆಯ. ಇದು ಅರಬ್ಬಿ ಮಾತು. ಜಾದಾ ಪಾರ್ಸಿ, ಹುಟ್ಟಿದವನು ಅಂತ. ಅಮೀರ್‌ಜಾದಾ ಬಾಯಲ್ಲಿ ಸವೆದು ಮಿರ್ಜಾ ಆಯಿತು. ನಾವು ಹೇಳುವ ಶಹಜಾದೆಯಲ್ಲಿರುವುದೂ ಅದೇ ಜಾದಾ.

ನಿಮ್ಮ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ. ಹೆಸರಿನ ಕೊನೆಗೆ ಬಂದರೆ ರಾಜವಂಶದ ಕುಡಿ. ಕಾಮ್ರಾನ್ ಹಾಗೆ, ಇರಾನಿನ ದೊರೆ ಫತ್ ಅಲಿ ಶಾನ ಮಗ ಅಬ್ಬಾಸ್ ಮಿರ್ಜಾನೂ ಹಾಗೆ. ನಮ್ಮ ಮೈಸೂರಿನಲ್ಲಿ ಹೆಸರಿನ ಕೊನೆಯ ‘ಅರಸು’ ಅರಮನೆಯ ನಂಟು ಹೇಳುವುದಿಲ್ಲವೇ?

ಮೊದಲು ಬಂದರೆ ಗೌರವ. ಇರಾನಿನಲ್ಲಿ ಅದು ಬರುಬರುತ್ತಾ ಓದುಬರಹ ಬಲ್ಲವರಿಗೆ, ಕಚೇರಿಯಲ್ಲಿ ಲೇಖನಿ ಹಿಡಿದವರಿಗೆ ಸಂದಿತು. 1848ರಲ್ಲಿ ಪ್ರಧಾನಿಯಾದ ಮಿರ್ಜಾ ತಕಿ ಖಾನ್, ಅಂದರೆ ಅಮೀರ್ ಕಬೀರ್, ಅಡುಗೆಯವರ ಮಗ. ಆ ‘ಮಿರ್ಜಾ’ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಅಕ್ಷರದಿಂದ ಬಂದದ್ದು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮಪ್ಪ ನೆನಪಾಗುತ್ತಾರೆ. ಶ್ರೀರಂಗಪಟ್ಟಣದಲ್ಲಿ ಗುಮಾಸ್ತರಾಗಿದ್ದರು. ಅರ್ಜಿ ಬರೆಸಲು ಸಂಜೆ ಜಗಲಿಗೆ ಬಂದ ರೈತರು ‘ರಾಯರೇ’ ಎನ್ನುತ್ತಿದ್ದರು. ರಾಯ ಎಂದರೆ ಅರಸನೇ ಅಲ್ಲವೇ? ಎರಡು ಎಕರೆ ಗದ್ದೆಯೂ ಇಲ್ಲದ ಮನುಷ್ಯನಿಗೆ ಆ ಹೆಸರು ಕೊಟ್ಟದ್ದು ಅವರ ಕೈಬರಹ. ಇರಾನಿನ ಶಿರಾಜಿನಲ್ಲೂ ಶ್ರೀರಂಗಪಟ್ಟಣದಲ್ಲೂ ಜನ ಒಂದೇ ದಾರಿ ಹಿಡಿದಿದ್ದಾರೆ.

ಶಿರಾಜ್ ಎಂದದ್ದಕ್ಕೆ ಕಾರಣವಿದೆ. ಮಿರ್ಜಾ ಇಸ್ಮಾಯಿಲರ ತಾತ ಅಲಿ ಅಸ್ಕರ್ ಆ ಊರಿನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರ ಮಾಡಿದವರು. ಮೊಮ್ಮಗ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ನಿಮ್ಮ ತಾತ ಗಾಡಿ ಹೊಡೆದ ಕಾರ್ಖಾನೆ, 1939ರಲ್ಲಿ ಆದ ಮಂಡ್ಯ ಜಿಲ್ಲೆ ಎರಡೂ ಅವರ ಕಾಲದವು.

ಇದು ಮುಸಲ್ಮಾನರಿಗಷ್ಟೇ ಸಂದ ಬಿರುದು ಎಂದೂ ತಿಳಿಯಬೇಡಿ. ಮೊಗಲರು ಆಂಬೇರಿನ ರಜಪೂತ ದೊರೆ ಜಯಸಿಂಹನಿಗೆ ‘ಮಿರ್ಜಾ ರಾಜಾ’ ಎಂಬ ಬಿರುದು ಕೊಟ್ಟಿದ್ದರು. ಆ ವಂಶದವರು ಆಮೇಲೆ ಕಟ್ಟಿದ ಊರೇ ಜೈಪುರ. ಮೈಸೂರು ಬಿಟ್ಟ ಮೇಲೆ ನಮ್ಮ ಮಿರ್ಜಾ ಸಾಹೇಬರು ಪ್ರಧಾನಿಯಾಗಿ ಹೋದದ್ದು ಅಲ್ಲಿಗೇ. ಅಲ್ಲಿನ ದೊಡ್ಡ ಬೀದಿಗೆ ಇಂದಿಗೂ ಅವರದೇ ಹೆಸರು, ಎಂ.ಐ. ರಸ್ತೆ.